ಅಜ್ಜಾರ ಪಿಚ್ಚರ್ ಮತ್ತು ನನ್ನ ಭೋಂಗಾ

ಮೈಕಿನ ಮುಂದೆ ಬಾಯಿ ತೆರೆಯುವ ಮೊದಲು ಅದು ಚಾಲೂ ಇದೆಯೋ ಬಂದ್ ಆಗಿದೆಯೋ ನೋಡಿಕೊಳ್ಳಬೇಕು. ಈ ಕೆಲಸದಲ್ಲಿ ಕಲಿಯುವಂಥದ್ದು ಇಷ್ಟೇ. ಉಳಿದದ್ದು ಗಂಟಲು, ಬಿಸಿನೀರು ಮತ್ತು ನಾಚಿಕೆ ಬಿಡುವುದು. ಈಗ ಆಟೋದ ಮೇಲೆ ಸ್ಪೀಕರ್ ಕಟ್ಟಿಕೊಂಡು ಬಂಗಾರದ ಅಂಗಡಿಯ ಉದ್ಘಾಟನೆ, ಸೀರೆಗಳ ರಿಯಾಯಿತಿ, ಚುನಾವಣೆ ಅಂತ ಗದಗಿನ ತುಂಬ ಕೂಗುವ ಹುಡುಗರು ನನ್ನನ್ನು ಕಂಡಾಗ "ಕಾಕಾ, ನಮಗೂ ಒಂದೀಟು ಹೇಳಿಕೊಡ್ರಿ" ಅನ್ನುತ್ತಾರೆ. ಕೂಗುವ ಹುಡುಗರು ಅಂದೆ, ತಪ್ಪಾಯಿತು. ಅವರು ಕೂಗುವುದಿಲ್ಲ. ಒಮ್ಮೆ ಮನೆಯಲ್ಲಿ ಕೂತು ರೆಕಾರ್ಡ್ ಮಾಡಿ ಪೆನ್‌ಡ್ರೈವಿಗೆ ಹಾಕಿಬಿಟ್ಟರೆ ಆಟೋ ತಾನೇ ಮಾತಾಡಿಕೊಂಡು ಹೋಗುತ್ತದೆ, ಇವರು ಒಳಗೆ ಕೂತು ಮೊಬೈಲ್ ನೋಡುತ್ತಾರೆ. ಅಂಥವರಿಗೆ ನಾನೇನು ಹೇಳಿಕೊಡಲಿ? ಆದರೂ ಕೇಳಿದ್ದಾರಲ್ಲ ಎಂದು ಬರೆಯಲು ಕೂತಿದ್ದೇನೆ.

ನಾನು ಬೆಟಗೇರಿಯ ನೇಕಾರರ ಮನೆಯವನು, ಹೆಸರು ಈರಣ್ಣ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವನಿಗೆ ಕೈಕಾಲಿಗೆ ಕೆಲಸ, ಬಾಯಿಗೆ ಬಿಡುವು. ನನ್ನದು ಇದಕ್ಕೆ ತಿರುಗಾಮುರುಗಾ. ಓಣಿಯ ಮಗ್ಗಗಳೆಲ್ಲ ಖಟಖಟ ಅನ್ನುತ್ತಿದ್ದಾಗ ಒಳಮನೆಯಲ್ಲಿದ್ದ ಅವ್ವನಿಗೆ ಕೇಳುವಂತೆ ಚಹಾ ಬೇಡಿ ಬೇಡಿ ನನ್ನ ಗಂಟಲು ತಯಾರಾಯಿತು. ಒಂದು ದಿನ ಅಪ್ಪ ಲಾಳಿ ಕೆಳಗಿಟ್ಟು, "ಲೇ ಈರ್ಯಾ, ನೀ ನೇಯೋ ಸೀರಿಗಿಂತ ನಿನ್ನ ಮಾತ ಉದ್ದ ಅದಾವು. ಹೋಗು, ಮಾತ ಮಾರ್ಕೊಂಡ ಬಾ" ಅಂದ. ಸಿಟ್ಟಿನಿಂದ ಅಂದದ್ದನ್ನು ನಾನು ಆಶೀರ್ವಾದ ಅಂತ ತಿಳಿದುಕೊಂಡೆ.

ಆಗ ಮಾತು ಮಾರುವ ಕೆಲಸ ಅಂದರೆ ಸಿನಿಮಾ ಪ್ರಚಾರ. ಶಂಕ್ರಪ್ಪ ಸಾವ್ಕಾರ ಅಂತ ಒಬ್ಬರು ಟೂರಿಂಗ್ ಟಾಕೀಸು ನಡೆಸುತ್ತಿದ್ದರು. ಒಂದೇ ಡೇರೆ. ಅದು ಕೆಲವು ತಿಂಗಳು ಲಕ್ಷ್ಮೇಶ್ವರದಲ್ಲಿ, ಕೆಲವು ತಿಂಗಳು ಶಿರಹಟ್ಟಿಯಲ್ಲಿ, ಆಮೇಲೆ ಮುಂಡರಗಿಯಲ್ಲಿ ಬೀಡು ಬಿಡುತ್ತಿತ್ತು. ಮಾಬುಸಾಬನ ಟಾಂಗಾಕ್ಕೆ ಎರಡೂ ಕಡೆ ಪೋಸ್ಟರ್ ಹಲಗೆ ಕಟ್ಟಿ, ಮೇಲೆ ಕಹಳೆಯಂಥ ಸ್ಪೀಕರು, ಅಂದರೆ ಭೋಂಗಾ, ಕಟ್ಟಿ, ಒಳಗೆ ಬ್ಯಾಟರಿ ಇಟ್ಟುಕೊಂಡು ನಾನು ಕೂತೆನೆಂದರೆ ಸಂತೆಯಲ್ಲಿ ಮೆಣಸಿನಕಾಯಿ ಚೌಕಾಸಿ ಮಾಡುವವರೂ ಒಂದು ಗಳಿಗೆ ಬಾಯಿ ಮುಚ್ಚುತ್ತಿದ್ದರು. ಮಾಬುಸಾಬ ನನಗಿಂತ ಹಿರಿಯ. ಅವನ ಕುದುರೆ ಅವನಿಗಿಂತ ಹಿರಿಯದೇನೋ ಅನ್ನುವ ಹಾಗೆ ನಡೆಯುತ್ತಿತ್ತು. ಮಿರ್ಚಿ ಭಜಿಯ ಗಾಡಿ ಕಂಡಲ್ಲಿ ಅದು ತಾನಾಗಿಯೇ ನಿಲ್ಲುತ್ತಿತ್ತು, ಹಾಗಾಗಿ ಭಜಿ ತಿನ್ನುವವರಿಗೆ ನನ್ನ ಪ್ರಚಾರ ಉಳಿದವರಿಗಿಂತ ಹೆಚ್ಚು ಸಿಕ್ಕಿದೆ.

ಮೈಕು ಚಾಲೂ ಇದೆಯೋ ನೋಡಿಕೊಳ್ಳಿ ಅಂದೆನಲ್ಲ, ಅದು ಸುಮ್ಮನೆ ಅಂದದ್ದಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಲಕ್ಷ್ಮೇಶ್ವರದ ಬಜಾರಿನಲ್ಲಿ ಭರ್ಜರಿಯಾಗಿ ಕೂಗಿ ಮುಗಿಸಿ, ಮೈಕು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಮಾಬುಸಾಬ ಹಿಂತಿರುಗಿ ಕೇಳಿದ: "ಖರೆ ಹೇಳು, ಪಿಚ್ಚರ್ ಹೆಂಗೈತಿ?"

"ಹಾಳಾಗಿ ಹೋಗ್ಲಿ ಬಿಡೋ ಮಾಬಣ್ಣ. ಎರಡನೇ ರೀಲಿಗೆ ನಿದ್ದಿ ಬರ್ತೈತಿ."

ಈ ಮಾತು ಬಜಾರಿನ ಈ ತುದಿಯಿಂದ ಆ ತುದಿಗೆ ಹೋಯಿತು. ನನಗೆ ಗೊತ್ತಾದದ್ದು ಅದು ಎದುರಿನ ಗೋಡೆಗೆ ಬಡಿದು ವಾಪಸು ಬಂದಾಗ. ಗಾಬರಿಯಲ್ಲಿ "ತಪ್ಪದೇ ನೋಡಿರಿ" ಅಂತ ಸೇರಿಸಿದೆ. ಆ ಸಂಜೆ ಡೇರೆಯ ಬಾಗಿಲಲ್ಲಿ ಹತ್ತಿ ಗಾಡಿ ಹೊಡೆದು ದಣಿದು ಬಂದ ಮುದುಕನೊಬ್ಬ, "ನಿದ್ದಿ ಬರೂ ಪಿಚ್ಚರ್ ಇದನ ಏನ್ರಿ?" ಅಂತ ಕೇಳಿ ಒಳಗೆ ಹೋದ. ಅವನು ಮೋಸಹೋಗಲಿಲ್ಲ, ಗೊರಕೆ ಹೊರಗಿನ ತನಕ ಕೇಳಿಸಿತು.

ಇನ್ನೊಂದು ಮುಂಡರಗಿಯದು. ಅಲ್ಲಿಯ ಹಿರಿಯ ವ್ಯಾಪಾರಿಯೊಬ್ಬರು ತೀರಿಕೊಂಡಾಗ, ಊರಿಗೆ ತಿಳಿಸಲು ಅವರ ಮನೆಯವರು ನಮ್ಮ ಟಾಂಗಾ ಕರೆಸಿದರು. ನಾನು ದನಿ ತಗ್ಗಿಸಿ, ಅವರ ಹೆಸರು, ಗುಣ, ಮಣ್ಣು ಮಾಡುವ ಸಮಯ ಎಲ್ಲವನ್ನೂ ಚೊಕ್ಕವಾಗಿ ಹೇಳಿದೆ. ಕೊನೆಗೆ ನಾಲಿಗೆ ತನ್ನ ಹಳೆಯ ದಾರಿ ಹಿಡಿಯಿತು: "ಇಂದೇ ಕಡೆಯ ದಿನ! ತಪ್ಪದೇ ಬಂದು ನೋಡಿರಿ!" ಮಾಬುಸಾಬ ಕುದುರೆಗೆ ಚಾಟಿ ತೋರಿಸಿದ. ಆ ಕುದುರೆ ಓಡಿದ್ದನ್ನು ನಾನು ನೋಡಿದ್ದು ಅವತ್ತು ಮಾತ್ರ. ಆದರೆ ಆ ಸಾವಿಗೆ ಸೇರಿದಷ್ಟು ಜನ ಮುಂಡರಗಿಯಲ್ಲಿ ಬೇರೆ ಯಾರ ಸಾವಿಗೂ ಸೇರಿರಲಿಲ್ಲವೆಂದು ಅವರ ಮನೆಯವರೇ ಆಮೇಲೆ ಹೇಳಿದರಂತೆ.

ಶಂಕ್ರಪ್ಪ ಸಾವ್ಕಾರರ ವಿಷಯ ಹೇಳಬೇಕು. ಅವರು ಡೇರೆಯ ಹೊರಗೆ ಖುರ್ಚಿ ಹಾಕಿಕೊಂಡು ಕೂತು, ದೂರದಲ್ಲಿ ಸುತ್ತುವ ನನ್ನ ದನಿಯನ್ನು ಗಿರಾಕಿಯ ಹಾಗೆ ಕೇಳುತ್ತಿದ್ದರು. ತಮಗೇ ಪಿಚ್ಚರ್ ನೋಡುವ ಆಸೆಯಾದರೆ ನಾನು ಪಾಸು, ಇಲ್ಲದಿದ್ದರೆ ಇನ್ನೊಂದು ಸುತ್ತು. ಅವರು ನನಗೆ ಕಲಿಸಿದ ಪಾಠ ಒಂದೇ: "ಇದ್ದದ್ದನ್ನ ಹೇಳಬ್ಯಾಡ. ಬರೂ ಹಂಗ ಹೇಳು." ಈ ಪಾಠದಿಂದ ನನಗೆ ಹೊಟ್ಟೆ ತುಂಬಿತು. ಇದೇ ಪಾಠದಿಂದ ಮದುವೆ ತಪ್ಪುವುದರಲ್ಲಿತ್ತು.

ಶಿರಹಟ್ಟಿಯಲ್ಲಿ ಮಲ್ಲಪ್ಪ ಅಂತ ಹಿಟ್ಟಿನ ಗಿರಣಿ ಇಟ್ಟವರು ಒಬ್ಬರಿದ್ದರು. ಅವರ ಮಗಳು ಪಾರವ್ವನನ್ನು ನೋಡಲು ಅಪ್ಪ, ನಾನು, ನಮ್ಮ ಸೋದರತ್ತೆ ಹೋದೆವು. ಹಗಲಿಡೀ ಗಿರಣಿಯ ಸದ್ದಿನಲ್ಲೇ ನಿಂತು ಮಲ್ಲಪ್ಪನವರ ಕಿವಿ ಮಂದವಾಗಿತ್ತು. ತಾವು ಆಡುವುದು ಮಾತ್ರ ಊರಿಗೆಲ್ಲ ಕೇಳುವ ಹಾಗೆ.

"ಏನ್ ಉದ್ಯೋಗ ಮಾಡ್ತೀಪಾ?"

"ಅನೌನ್ಸ್ ಮಾಡ್ತೀನ್ರಿ."

"ಆಂ?"

"ಅನೌನ್ಸ್, ಅನೌನ್ಸ್."

"ಅನಾನಸ್? ಗದಗನ್ಯಾಗ ಅನಾನಸ್ ಯಾರ ತಿಂತಾರ?"

ಅವಲಕ್ಕಿಯ ತಾಟು ಹಿಡಿದು ಬಂದಿದ್ದ ಪಾರವ್ವ ನಗು ತಡೆಯಲಾರದೆ ತಾಟಿನ ಸಮೇತ ಒಳಗೆ ಓಡಿದಳು. ಅವಲಕ್ಕಿ ವಾಪಸು ಬರಲಿಲ್ಲ. ನನಗೆ ಅದರ ಚಿಂತೆಯೂ ಇರಲಿಲ್ಲ. ಮದುವೆಯಾದರೆ ಇವಳನ್ನೇ, ಇಲ್ಲದಿದ್ದರೆ ಮಾಬುಸಾಬನ ಟಾಂಗಾದಲ್ಲೇ ಮುದುಕನಾಗುತ್ತೇನೆ ಅಂತ ಅಲ್ಲೇ ನಿಶ್ಚಯ ಮಾಡಿಬಿಟ್ಟೆ.

ಅಪ್ಪ ಕಿವಿಯ ಹತ್ತಿರ ಹೋಗಿ ಕೂಗಿ ತಿಳಿಸಿದ ಮೇಲೆ ಮಲ್ಲಪ್ಪನವರ ಮುಖ ಇನ್ನೂ ಗಂಟಾಯಿತು. "ಓಹೋ, ಭೋಂಗಾದಾಗ ಒದರಾವೇನು ಇಂವಾ? ಅನಾನಸ್ ಆದ್ರ ಕೊಯ್ದು ನೋಡಬಹುದಿತ್ತು. ಬಾಯಿ ಮಾತ ಕೊಯ್ದು ನೋಡೋದು ಹೆಂಗ? ತಮ್ಮಾ, ನೀ ಒದರೂದ್ರಾಗ ಎಷ್ಟ ಖರೆ ಇರ್ತೈತಿ?"

"ಎಲ್ಲಾ ಖರೆ ಇರ್ತೈತ್ರಿ" ಅಂದುಬಿಟ್ಟೆ. ಅಪ್ಪ ನನ್ನ ತೊಡೆ ಚಿವುಟಿದ.

"ಹಂಗಾರ ಹಿಂಗ ಮಾಡೂಣು. ಲಕ್ಷ್ಮೇಶ್ವರಕ್ಕ ಈಗ ಬರೂ ಹೊಸಾ ಪಿಚ್ಚರಿಗೆ ಮನಿ ಮಂದಿನ್ನೆಲ್ಲಾ ಕರಕೊಂಡ ಬರ್ತೀನಿ. ನೀ ಭೋಂಗಾದಾಗ ಹೇಳಿದ್ದು ಪಡದೆ ಮ್ಯಾಲ ಬಂತಂದ್ರ ಲಗ್ನ ಗಟ್ಟಿ ಮಾಡಿ ಸಕ್ರಿ ಹಂಚೂಣು. ಬರಲಿಲ್ಲಂದ್ರ ನೀ ಅನಾನಸ್ ಮಾರ್ಕೊಂತ ಹೋಗು."

ನಾನು ಧೈರ್ಯವಾಗಿಯೇ ಇದ್ದೆ. ಯಾಕೆಂದರೆ ಮುಂದೆ ಬರಬೇಕಾಗಿದ್ದದ್ದು ಅತ್ತೆ ಸೊಸೆಯರ ಕನ್ನಡ ಪಿಚ್ಚರ್. ಅಳು ಇದೆ ಅಂದರೆ ಅಳು ಇದ್ದೇ ಇರುತ್ತದೆ, ಅದರಲ್ಲಿ ಸುಳ್ಳಾಗುವುದೇನೂ ಇಲ್ಲ. ಆದರೆ ಹುಬ್ಬಳ್ಳಿಯಿಂದ ರೀಲಿನ ಡಬ್ಬಿ ಬಂದಾಗ ತೆರೆದು ನೋಡಿದರೆ ಒಳಗೆ ಅತ್ತೆಯೂ ಇಲ್ಲ, ಸೊಸೆಯೂ ಇಲ್ಲ. ಯಾವುದೋ ಇಂಗ್ಲಿಷ್ ಪಿಚ್ಚರ್, ಅದೂ ಹಲವು ವರ್ಷ ಹಿಂದಿನದು. ಕನ್ನಡದ ಡಬ್ಬಿ ಬೇರೆ ಊರಿಗೆ ಹೋಗಿದೆ, ಅದು ಬರುವ ತನಕ ಇದನ್ನು ಓಡಿಸಿಕೊಳ್ಳಿ ಅಂತ ಹುಬ್ಬಳ್ಳಿಯ ಹಂಚಿಕೆದಾರ ಹೇಳಿ ಕಳಿಸಿದ್ದ. ಜೊತೆಗೆ ಒಂದೇ ಪೋಸ್ಟರ್. ಅದರ ಮೇಲಿನ ಭಾಗ ಹರಿದು ಹೋಗಿ ಹೆಸರೇ ಉಳಿದಿರಲಿಲ್ಲ.

ಆ ಪೋಸ್ಟರ್ ಇವತ್ತಿಗೂ ನನ್ನ ಕಣ್ಣ ಮುಂದಿದೆ. ಭುಜದ ತನಕ ಕೂದಲು ಇಳಿಬಿಟ್ಟ, ಎದೆಯ ತನಕ ಗಡ್ಡ ಬಿಟ್ಟ ನಾಲ್ಕಾರು ಮಂದಿ. ಎಲ್ಲರ ಕೊರಳಲ್ಲೂ ಮಣಿಸರ, ಕಾಲಲ್ಲಿ ಚಪ್ಪಲಿ ಇಲ್ಲ. ಒಬ್ಬ ಚಕ್ಕಮಕ್ಕಳ ಹಾಕಿ ಕಣ್ಣು ಮುಚ್ಚಿ ಕೂತಿದ್ದಾನೆ, ಒಬ್ಬನ ಕೈಯಲ್ಲಿ ಚಿಲುಮೆ. ಹಿಂದೆ ಒಂದು ದೊಡ್ಡ ಮೋಟಾರ್‌ಸೈಕಲ್ಲು, ನಮ್ಮ ಬಾಯಲ್ಲಿ ಫಟಫಟಿ, ಅದರ ಹಿಂದೆ ಮುಳುಗುವ ಸೂರ್ಯ.

ಮಾಬುಸಾಬ ನೋಡಿದವನೇ ತಲೆ ಬಾಗಿಸಿದ. "ಏ, ಅಜ್ಜಾರು ಅದಾರಲೋ."

ನಮ್ಮ ಕಡೆ ಅಜ್ಜಾರು ಅಂದರೆ ಬರೀ ಮುತ್ಯಾನೋ ತಾತನೋ ಅಲ್ಲ. ಮಠದ ಸ್ವಾಮಿಗಳೂ ಅಜ್ಜಾರು, ಗಡ್ಡ ಬಿಟ್ಟು ಊರೂರು ಸುತ್ತುವ ಅವಧೂತರೂ ಅಜ್ಜಾರು. ಅಜ್ಜಾರು ಬಂದಾರ ಅಂದರೆ ಅಂಗಳಕ್ಕೆ ಸಗಣಿ ಸಾರಿಸುವ ಮನೆಗಳು ನಮ್ಮವು. ಹಾಗಾಗಿ ನನಗೂ ಬೇರೆ ಏನೂ ಹೊಳೆಯಲಿಲ್ಲ. ಫಟಫಟಿಯ ಬಗ್ಗೆ ಒಂದು ಅನುಮಾನ ಬಂತು. ಮಾಬುಸಾಬ ಅದನ್ನೂ ಪರಿಹರಿಸಿದ: "ನಮ್ಮ ಅಜ್ಜಾರು ಜೀಪಿನ್ಯಾಗ ಬರೂದಿಲ್ಲೇನು? ಆ ಮುಲಕದಾಗ ಫಟಫಟಿ ಇರ್ತಾವ."

ಸಾವ್ಕಾರರು ತಮ್ಮ ಪಾಲಿನದನ್ನು ಸೇರಿಸಿದರು. "ಫೈಟಿಂಗ್ ಭಾಳ ಐತಂತ ಹುಬ್ಬಳ್ಳಿಯವ ಹೇಳ್ಯಾನ. ಅಜ್ಜಾರನೂ ಹೇಳು, ಫೈಟಿಂಗನೂ ಹೇಳು. ಹೆಂಗಸರೂ ಬರ್ತಾರ, ಗಂಡಸರೂ ಬರ್ತಾರ."

ಪಿಚ್ಚರ್ ನೋಡದೆ ಪ್ರಚಾರಕ್ಕೆ ಹೋಗಬಾರದು ಅಂತ ಈಗಿನ ಹುಡುಗರಿಗೆ ನಾನು ಹೇಳುತ್ತೇನೆ. ಆಗ ನನಗೆ ಹೇಳುವವರು ಯಾರೂ ಇರಲಿಲ್ಲ. ಲಕ್ಷ್ಮೇಶ್ವರವನ್ನೆಲ್ಲ ಸುತ್ತಿ, ಶಿರಹಟ್ಟಿಗೂ ಹೋಗಿ, ಮಲ್ಲಪ್ಪನವರ ಗಿರಣಿಯ ಮುಂದೆ ಟಾಂಗಾ ನಿಲ್ಲಿಸಿ ಭೋಂಗಾವನ್ನು ಸರಿಯಾಗಿ ಅವರ ಕಡೆಗೇ ತಿರುಗಿಸಿ ಕೂಗಿದೆ: "ಮಹನೀಯರೇ, ಮಾತೆಯರೇ! ಪರದೇಶದ ಪವಾಡ ಪುರುಷರ ಕಥೆ! ಫಟಫಟಿ ಏರಿ ಬಂದ ಜಡೆಯ ಅಜ್ಜಾರು ದುಷ್ಟರ ಸಂಹಾರ ಮಾಡುವುದನ್ನು ಕಣ್ಣಾರೆ ಕಾಣಿರಿ! ಬೆಂಕಿಯಲ್ಲಿ ನಡೆಯುವ ಅಜ್ಜಾರು! ಹೊಳೆಯ ಮೇಲೆ ಹಾರುವ ಫಟಫಟಿ! ಭಕ್ತಿಗೆ ಭಕ್ತಿ, ಫೈಟಿಂಗಿಗೆ ಫೈಟಿಂಗ್!" ಬೆಂಕಿ ಮತ್ತು ಹೊಳೆ ನನ್ನವೇ. ಬಾಯಿ ಬಿಸಿಯಾದಾಗ ಅಂಥವು ತಾವಾಗಿ ಬರುತ್ತವೆ. ಗಿರಣಿಯ ಬಾಗಿಲಲ್ಲಿ ನಿಂತ ಮಲ್ಲಪ್ಪನವರು ಒಂದೊಂದಕ್ಕೂ ಒಂದೊಂದು ಬೆರಳು ಮಡಚುತ್ತಿದ್ದರು.

ಪಿಚ್ಚರಿನ ದಿನ ಜನ ತಲೆಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದರು. ಹೆಂಗಸರ ಕೈಯಲ್ಲಿ ಕಾಯಿ, ಊದಿನಕಡ್ಡಿ. ಯಾರೂ ಹೇಳದೆಯೇ ಎಲ್ಲರೂ ಚಪ್ಪಲಿಯನ್ನು ಡೇರೆಯ ಹೊರಗೆ ಬಿಟ್ಟರು. ಮಲ್ಲಪ್ಪನವರು ಒಂದು ಟೆಂಪೋ ತುಂಬ ಮನೆಮಂದಿಯನ್ನು ಕರೆತಂದು ಗಂಡಸರ ಕಡೆ ಮುಂದಿನ ಬೆಂಚಿನಲ್ಲಿ ಕೂತರು. ಹೆಂಗಸರ ಕಡೆ ಎರಡನೇ ಸಾಲಿನಲ್ಲಿ ಪಾರವ್ವ, ಹಿಂದೆ ಎಲ್ಲೋ ನಮ್ಮ ಅವ್ವ. ಸಾವ್ಕಾರರೇ ಪರದೆಯ ಮುಂದೆ ಕಾಯಿ ಒಡೆದರು. ಪಿಚ್ಚರ್ ಶುರುವಾಗಿ ಮೊದಲ ಗಡ್ಡದವನು ಫಟಫಟಿಯ ಮೇಲೆ ದೂರದಿಂದ ಬಂದಾಗ ಡೇರೆಗೆ ಡೇರೆಯೇ ಕೈ ಮುಗಿಯಿತು. ಒಬ್ಬ ಮುದುಕಿ ಎದ್ದು ಹೋಗಿ ಕರ್ಪೂರ ಬೆಳಗಿದಳು.

ಆಮೇಲೆ ಏನಾಯಿತು ಅಂದರೆ, ಏನೂ ಆಗಲಿಲ್ಲ. ಅಜ್ಜಾರು ಒಂದು ಬಯಲಿನಲ್ಲಿ ಇಳಿದು ಕೂತರು. ಒಬ್ಬ ಗಿಟಾರಿನ ತಂತಿ ಬಿಗಿದ. ಬಿಗಿಯುತ್ತಲೇ ಇದ್ದ, ಬಾರಿಸಲಿಲ್ಲ. ಇನ್ನೊಬ್ಬ ಮುಖ ತೊಳೆದ. ಫಟಫಟಿ ಕೆಟ್ಟು ನಿಂತಿತು, ಅದನ್ನು ಬಿಚ್ಚಿ ರಿಪೇರಿ ಮಾಡುವುದರಲ್ಲೇ ಒಂದು ರೀಲು ಕಳೆಯಿತು. ಒಂದು ಆಡು ಬಂದು ಎಲ್ಲರನ್ನೂ ನೋಡಿ ಹೋಯಿತು. ಚಿಲುಮೆ ಸೇದಿದಾಗ ಯಾರೂ ತಕರಾರು ಮಾಡಲಿಲ್ಲ, ಅಜ್ಜಾರಂದ ಮೇಲೆ ಚಿಲುಮೆ ಇರುವಂಥದ್ದೇ. ಆದರೆ ಮೈಮೇಲೆ ಬಟ್ಟೆ ಕಡಿಮೆ ಇದ್ದ ಹುಡುಗಿಯೊಬ್ಬಳು ಬಂದು ಅಜ್ಜಾರ ಪಕ್ಕ ಕೂತಾಗ ಹೆಂಗಸರ ಸಾಲಿನಲ್ಲಿ ಸೆರಗುಗಳು ಕಣ್ಣಿಗೆ ಏರಿದವು. "ಶಿಷ್ಯಾಳು ಇರಬೇಕ ಬಿಡವ್ವಾ, ಆ ದೇಶದಾಗ ಸೆಕಿ ಭಾಳ" ಅಂತ ಯಾರೋ ಸಮಾಧಾನ ಹೇಳಿದರು.

ಅಷ್ಟರಲ್ಲಿ ನೆಲದ ಮೇಲೆ ಕೂತ ಹುಡುಗರು, "ಫೈಟಿಂಗ್ ಎಲ್ಲೈತ್ಲೇ?" ಅಂತ ಶುರು ಮಾಡಿದರು. ಒಬ್ಬ ಚಪ್ಪಲಿ ಎಸೆಯಲು ಕೆಳಗೆ ಕೈ ಹಾಕಿದ, ಸಿಗಲಿಲ್ಲ. ಎಲ್ಲರ ಚಪ್ಪಲಿಗಳೂ ಹೊರಗಿದ್ದವು. ಅವತ್ತು ನಮ್ಮ ಪರದೆಯನ್ನು ಉಳಿಸಿದ್ದು ಜನರ ಭಕ್ತಿ. ಮಲ್ಲಪ್ಪನವರು ಮಾತ್ರ ಅಲುಗಾಡದೆ, ಮಡಚಿದ ಬೆರಳುಗಳನ್ನು ಬಿಚ್ಚಲು ಕಾರಣ ಸಿಗದೆ ಮುಷ್ಟಿ ಹಿಡಿದು ಕೂತಿದ್ದರು. ನಾನು ಡೇರೆಯ ಕಂಬದ ಹಿಂದೆ ನಿಂತು ಅವರ ಮುಷ್ಟಿಯನ್ನೇ ನೋಡುತ್ತಿದ್ದೆ. ಆ ಮುಷ್ಟಿಯೊಳಗೆ ನನ್ನ ಮದುವೆ ಇತ್ತು.

ಸಾವ್ಕಾರರು ಬಂದು ನನ್ನ ಕಾಲರು ಹಿಡಿದರು. "ಏ ಈರ್ಯಾ, ನೀನ ಹೇಳಿದಿ. ನೀನ ತೋರಸು."

"ನಾ ಎಲ್ಲಿಂದ ತೋರಸ್ಲಿರಿ ಸಾವ್ಕಾರ್ರ?"

"ಬಾಯಿಂದ."

ಮಾಬುಸಾಬ ಟಾಂಗಾದಿಂದ ಬ್ಯಾಟರಿ, ಭೋಂಗಾ ಇಳಿಸಿ ತಂದ. ಆಪರೇಟರಿಗೆ ಹೇಳಿ ಪಿಚ್ಚರಿನ ದನಿ ಇಳಿಸಿದರು. ಪರದೆಯ ಪಕ್ಕದಲ್ಲಿ ಒಂದು ಡಬ್ಬಿಯ ಮೇಲೆ ನನ್ನನ್ನು ಕೂರಿಸಿದರು. ನನಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಪುಣ್ಯಕ್ಕೆ ಡೇರೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ.

ಮೊದಲು ಫಟಫಟಿಯನ್ನೇ ಹಿಡಿದೆ. "ನೋಡಿರಿ, ಅಜ್ಜಾರು ತಮ್ಮ ವಾಹನದ ಹೊಟ್ಟೆ ಬಿಚ್ಚಿ ಲೋಕಕ್ಕೆ ತೋರಿಸುತ್ತಿದ್ದಾರೆ. ದೇಹ ಅನ್ನುವುದೂ ಹೀಗೇ ಕಾಣಿರೋ, ಒಂದು ನಟ್ಟು ಸಡಿಲಾದರೆ ಎಲ್ಲಾ ನಿಂತುಹೋಗುತ್ತದೆ!" ಹಿರಿಯರ ಕಡೆಯಿಂದ "ಖರೆ, ಖರೆ" ಅಂತ ದನಿ ಬಂತು. ಆಡು ಮತ್ತೆ ಕಾಣಿಸಿಕೊಂಡಾಗ ಅದನ್ನು ಶಾಪದಿಂದ ಆಡಾದ ಅಜ್ಜಾರ ತಮ್ಮನನ್ನಾಗಿ ಮಾಡಿದೆ. ಹೆಂಗಸರು ಲೊಚಗುಟ್ಟಿದರು. ಒಬ್ಬ ಪೊಲೀಸಿನವನು ಕಾರಿನಲ್ಲಿ ಬಂದು, ಬೆವರು ಒರೆಸಿಕೊಳ್ಳಲು ಟೊಪ್ಪಿಗೆ ತೆಗೆದ. "ನೋಡಿರಿ, ಅಧಿಕಾರದ ಟೊಪ್ಪಿಗೆ ತಾನಾಗಿ ಇಳಿಯಿತು, ಅಜ್ಜಾರಿಗೆ ಶರಣಾದ" ಅಂದೆ. ಚಪ್ಪಾಳೆ ಬಿತ್ತು. ಅವನು ಟೊಪ್ಪಿಗೆ ಮತ್ತೆ ಹಾಕಿಕೊಂಡು ಅಜ್ಜಾರನ್ನು ಬೈದು ಹೋದದ್ದನ್ನು ನಾನು ಆಶೀರ್ವಾದ ಪಡೆದು ಹೋದ ಅಂತ ಹೇಳಿದೆ.

ಕೊನೆಗೆ ಫೈಟಿಂಗ್ ಬಂತು. ಇಬ್ಬರು ಒಬ್ಬರನ್ನೊಬ್ಬರು ನೂಕಿ, ಧೂಳಿನಲ್ಲಿ ಬಿದ್ದು, ಎದ್ದು, ಮೈ ಝಾಡಿಸಿಕೊಂಡು ನಕ್ಕರು. ಅಷ್ಟೇ. ನಮ್ಮ ಓಣಿಯ ನಲ್ಲಿಯ ಮುಂದೆ ಇದಕ್ಕಿಂತ ಜೋರು ಫೈಟಿಂಗ್ ದಿನಾ ನಡೆಯುತ್ತದೆ. ನಾನು ಗಂಟಲೇರಿಸಿ, "ಇದು ಮಾಯಾಯುದ್ಧ! ಪುಣ್ಯ ಮಾಡಿದವರ ಕಣ್ಣಿಗೆ ಮಾತ್ರ ಬೀಳುತ್ತದೆ!" ಅಂದೆ. ಜನ ಕಣ್ಣು ಉಜ್ಜಿಕೊಂಡು ನೋಡಿದರು. ಆಮೇಲೆ ಹಿಂದಿನಿಂದ ಮಾಬುಸಾಬನ ದನಿ, "ಅಬಬಬಾ, ಏನ್ ಹೊಡತರೀ ಅಜ್ಜಾರದು." ಅದರ ಹಿಂದೆಯೇ ಎಲ್ಲರಿಗೂ ಕಾಣಿಸತೊಡಗಿತು. ನೆಲದ ಮೇಲಿನ ಹುಡುಗರು ಎದ್ದು ನಿಂತು ಸೀಟಿ ಹೊಡೆದರು.

ಇನ್ನೇನು ಮುಗಿಯಿತು ಅಂದುಕೊಂಡೆ. ಆದರೆ ಒಂದು ದೃಶ್ಯ ಉಳಿದಿತ್ತು. ಸಂಜೆ, ಖಾಲಿ ರಸ್ತೆ. ಅಜ್ಜಾರಲ್ಲಿ ಮುಖ್ಯನಾದವನು ಫಟಫಟಿಯ ಮೇಲೆ ಕೂತಿದ್ದಾನೆ, ಆ ಹುಡುಗಿ ಪಕ್ಕದಲ್ಲಿ ನಿಂತಿದ್ದಾಳೆ. ಅವನು ಏನೋ ಕೇಳಿದ. ಅವಳು ಉತ್ತರ ಕೊಡದೆ ಅವನನ್ನೇ ನೋಡುತ್ತ ನಿಂತಳು. ನನ್ನ ಚೀಲ ಬರಿದಾಗಿತ್ತು. ದೇವರು, ಶಾಪ, ಸಂಹಾರ ಎಲ್ಲ ಮುಗಿದಿದ್ದವು. ಹೆಂಗಸರ ಸಾಲಿನ ಕಡೆ ನೋಡಿದೆ. ಪಾರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು, ಪರದೆಯನ್ನಲ್ಲ. ಮೈಕಿನಲ್ಲಿ ನನ್ನ ಪ್ರಚಾರದ ದನಿ ಬರಲಿಲ್ಲ, ಮನೆಯ ದನಿ ಬಂತು.

"ನಂದು ಊರೂರು ತಿರುಗೂ ಕೆಲಸ. ಮನಿಗೆ ಬರೂದು ತಡಾ ಆಗ್ತೈತಿ. ನೀ ನನ್ನ ದಾರಿ ಕಾಯ್ಕೊಂತ ಉಪಾಸ ಕುಂದ್ರಬ್ಯಾಡ. ಮೊದಲ ಉಂಡ್ಬಿಡು."

ಕರ್ಪೂರ ಬೆಳಗಿದ ಮುದುಕಿ ಮೂಗು ಒರೆಸಿಕೊಂಡಳು. ಪರದೆಯ ಮೇಲೆ ಫಟಫಟಿ ಹೊರಟುಹೋಯಿತು.

ಜನ ಪ್ರಸಾದ ತೆಗೆದುಕೊಂಡು ಚಪ್ಪಲಿ ಹುಡುಕಿಕೊಳ್ಳುತ್ತಿದ್ದಾಗ ಮಲ್ಲಪ್ಪನವರು ನನ್ನ ಹತ್ತಿರ ಬಂದರು. ಮುಷ್ಟಿ ಹಾಗೆಯೇ ಇತ್ತು. ಒಂದೊಂದೇ ಬೆರಳು ಬಿಚ್ಚಿ ಲೆಕ್ಕ ಹೇಳಿದರು. "ಅಜ್ಜಾರು ಬಂದ್ರು, ಖರೆ. ಫಟಫಟಿ ಬಂತು, ಹಾರಲಿಲ್ಲ. ಬೆಂಕ್ಯಾಗ ಯಾರೂ ನಡೀಲಿಲ್ಲ, ಚಿಲುಮಿಗೆ ಕಡ್ಡಿ ಗೀರಿದ್ದಷ್ಟ ಬೆಂಕಿ. ಫೈಟಿಂಗ್ ನನಗಂತೂ ಕಾಣಲಿಲ್ಲ, ನಾ ಅಂಥಾ ಪಾಪ ಏನ್ ಮಾಡೀನೋ ಗೊತ್ತಿಲ್ಲ."

ನಾನು ತಲೆ ತಗ್ಗಿಸಿದೆ. ಅನಾನಸ್ ಎಲ್ಲಿ ಸಗಟು ಸಿಗುತ್ತದೆ ಅಂತ ಯೋಚಿಸತೊಡಗಿದ್ದೆ.

"ಆದರ ತಮ್ಮಾ, ಗಿರಣಿ ಹಚ್ಚಿದ ಮ್ಯಾಲ ನನಗ ಯಾರ ಮಾತೂ ಪೂರಾ ಮುಟ್ಟಿಲ್ಲ. ಹೆಂಡತಿ ಅಂದದ್ದು ಅರ್ಧಾ, ಮಗಳು ಅಂದದ್ದು ಕಾಲಭಾಗ. ಪಿಚ್ಚರಿಗೆ ಹೋದ್ರ ಬರೇ ತುಟಿ ನೋಡಿ ಬರ್ತಿದ್ದೆ. ಇವತ್ತ ಒಂದಕ್ಷರ ಬಿಡದ ಕೇಳೀನಿ. ನೀ ಅರ್ಧಾ ಸುಳ್ಳ ಹೇಳಿದಿ. ಆದರ ಪೂರಾ ಕೇಳಿಸ್ತು." ಹಾಗೆ ಹೇಳಿ ಭೋಂಗಾವನ್ನು ಕೈಯಿಂದ ಒಮ್ಮೆ ತಟ್ಟಿ ನೋಡಿದರು. "ಹುಡುಗಿನ್ನೊಂದು ಮಾತ ಕೇಳ್ತೀನಿ" ಅಂದರು.

ಮರುದಿನ ನಮ್ಮ ಸೋದರತ್ತೆ ಶಿರಹಟ್ಟಿಯಿಂದ ಖಬರ ತಂದಳು. ಹುಡುಗಿ ಒಪ್ಪಿದ್ದಾಳೆ, ಆದರೆ ಒಂದು ಪ್ರಶ್ನೆ ಕೇಳಿ ಕಳಿಸಿದ್ದಾಳೆ. "ಪಿಚ್ಚರ್ ಮುಗಿಯೂವಾಗ ಮೊದಲ ಉಣ್ಣು ಅಂದ್ರಲ್ಲ, ಅದು ಅಜ್ಜಾರ ಅಂದದ್ದೋ, ನೀವ ಅಂದದ್ದೋ? ಹಂಗ ಕೇಳಂದಾಳ ನೋಡಪಾ." ಮನೆಯಲ್ಲಿ ಅಪ್ಪ, ಅವ್ವ, ಓಣಿಯ ನಾಲ್ಕು ಮಂದಿ ಕೂತಿದ್ದರು. ಸಾವಿರ ಜನರ ಮುಂದೆ ಬಾಯಿ ಬಿಡುವವನಿಗೆ ಐದಾರು ಜನರ ಮುಂದೆ ನಾಚಿಕೆ ಬಂತು. "ಅಜ್ಜಾರ ಅಂದದ್ದು. ನಾ ಬರೇ ಕನ್ನಡದಾಗ ಹೇಳೀನಿ" ಅಂದೆ.

ಸಕ್ಕರೆ ಹಂಚಿದರು, ಮದುವೆಯಾಯಿತು. ಮದುವೆಯಾದ ವಾರವೇ ಮುಂಡರಗಿಯಿಂದ ತಡವಾಗಿ ಮನೆಗೆ ಬಂದು ನೋಡಿದರೆ ಪಾರವ್ವ ಉಂಡು, ಕೈ ತೊಳೆದು, ನನಗೆ ರೊಟ್ಟಿ ಮುಚ್ಚಿಟ್ಟು ಕೂತಿದ್ದಳು. ಅವ್ವನಿಗೆ ಸಿಡುಕು. ಹೊಸ ಸೊಸೆ ಗಂಡನಿಗಿಂತ ಮೊದಲು ಉಂಡದ್ದು ನಮ್ಮ ಓಣಿಯಲ್ಲಿ ಅದೇ ಮೊದಲು. ಪಾರವ್ವ ಗಟ್ಟಿಯಾಗಿ ಹೇಳಿದಳು: "ಅಜ್ಜಾರು ಹೇಳ್ಯಾರ್ರಿ ಅತ್ತಿ. ನೀವೂ ಪಿಚ್ಚರ್ ನೋಡೀರಲ್ಲ." ಅವ್ವನೂ ಆ ದಿನ ಡೇರೆಯಲ್ಲಿ ಕೈ ಮುಗಿದವಳೇ. ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಅದೇ ಕಾನೂನು.

ಆಮೇಲೆ ಟೂರಿಂಗ್ ಟಾಕೀಸು ಮುಚ್ಚಿತು. ಡೇರೆಯ ಬಟ್ಟೆ ಮದುವೆಯ ಪೆಂಡಾಲಾಯಿತು. ಮಾಬುಸಾಬ ಟಾಂಗಾ ಮಾರಿದ, ಕುದುರೆಯನ್ನು ಮಾರಲು ಮನಸ್ಸಾಗದೆ ಮನೆಯಲ್ಲೇ ಇಟ್ಟುಕೊಂಡು ಅದಕ್ಕೆ ಭಜಿ ತಿನ್ನಿಸುತ್ತಿದ್ದ. ನಾನು ಬೀಜದಂಗಡಿ, ಕಣ್ಣಿನ ತಪಾಸಣೆ, ಕುರ್ತಕೋಟಿಯಲ್ಲಿ ಕಳೆದುಹೋದ ಎಮ್ಮೆ, ಹೀಗೆ ಸಿಕ್ಕದ್ದನ್ನೆಲ್ಲ ಕೂಗಿದೆ. ಸಿನಿಮಾದ ದನಿ ಮಾತ್ರ ಗಂಟಲು ಬಿಟ್ಟು ಹೋಗಲಿಲ್ಲ. ಒಮ್ಮೆ ಹೊಳೆಗೆ ನೀರು ಬಂದಾಗ ಒಬ್ಬ ಸಾಹೇಬರು ನನ್ನನ್ನು ಸಿಂಗಟಾಲೂರಿಗೆ ಕರೆದುಕೊಂಡು ಹೋದರು. ಯಾರೂ ದಂಡೆಗೆ ಹೋಗಬಾರದೆಂದು ಎಚ್ಚರಿಸಬೇಕಾಗಿತ್ತು. ನಾನು ಜೀಪಿನಲ್ಲಿ ನಿಂತು, "ಉಕ್ಕಿ ಬರುತ್ತಿದ್ದಾಳೆ ತುಂಗಭದ್ರೆ! ಹಿಂದೆಂದೂ ಕಾಣದ ಪ್ರವಾಹ!" ಅಂತ ಶುರು ಮಾಡಿದೆ. ಯಾರೂ ಹೋಗಬಾರದು ಅನ್ನುವ ಮಾತಿಗೆ ಬರುವಷ್ಟರಲ್ಲಿ ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಳೆ ನೋಡಲು ಹೊರಟಿತ್ತು. ಸಾಹೇಬರು ನನ್ನ ಕೈಯಿಂದ ಮೈಕು ಕಸಿದುಕೊಂಡು ತಾವೇ ಮಾತಾಡಿದರು. ಅವರ ದನಿ ಕೇಳಿ ಜನ ಬೇಸರಪಟ್ಟು ಮನೆಗೆ ಹೋದರು. ಯಾವ ಕೆಲಸಕ್ಕೆ ಯಾವ ದನಿ ಬೇಕು ಅನ್ನುವುದನ್ನು ನಾನು ಅವತ್ತು ತಿಳಿದುಕೊಂಡೆ.

ಪೆನ್‌ಡ್ರೈವ್ ಬಂದ ಮೇಲೆ ನನ್ನನ್ನು ಯಾರೂ ಕರೆಯಲಿಲ್ಲ, ನಾನೂ ಸುಮ್ಮನಾದೆ. ಮನೆಯಲ್ಲೇ ಇದ್ದರೂ ಊಟದ ಕಾನೂನು ಬದಲಾಗಲಿಲ್ಲ. ನನ್ನ ಹೊಟ್ಟೆಗೆ ತಡವಾಗಿ ಹಸಿಯುವ ರೂಢಿ, ಪಾರವ್ವನಿಗೆ ಮೊದಲು ಉಣ್ಣುವ ರೂಢಿ. ಅವಳು ಅಡುಗೆಮನೆಯಲ್ಲಿ ಉಂಡು ಎದ್ದ ಮೇಲೆ ನನ್ನ ತಾಟು ಹೊರಗೆ ಬರುತ್ತಿತ್ತು.

ಕಳೆದ ದೀಪಾವಳಿಗೆ ಮಗಳು ಅಳಿಯ ಬಂದಿದ್ದರು. ಅಳಿಯ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಾನೆ. ಅಜ್ಜಾರ ಪಿಚ್ಚರಿನ ಕತೆಯನ್ನು ಅವನು ಬಹಳ ಸಲ ಕೇಳಿದ್ದ. ಗಡ್ಡ, ಗಿಟಾರು, ಆಡು ಅಂತ ಒಂದೊಂದೇ ಗುರುತು ಕೊಟ್ಟು ಮೊಬೈಲಿನಲ್ಲಿ ಹುಡುಕಿ ಆ ಪಿಚ್ಚರನ್ನು ಕಂಡುಹಿಡಿದೇಬಿಟ್ಟ. ಹೆಸರು ಹೇಳಿದ, ನನ್ನ ಬಾಯಿಗೆ ನಿಲ್ಲಲಿಲ್ಲ. "ಮಾವಾರ, ಇವ್ರು ಅಜ್ಜಾರಲ್ಲ. ಆ ಕಾಲಕ್ಕ ಆ ದೇಶದ ಹುಡುಗೂರು ಮನಿ, ಸರಕಾರ ಎಲ್ಲಾದರ ಮ್ಯಾಲ ಸಿಟ್ಟಾಗಿ ಕೂದಲಾ ಬಿಟ್ಕೊಂಡು ಹಿಂಗ ತಿರುಗ್ತಿದ್ರು. ಪೋಸ್ಟರ್ ತುಂಬ ಫೈಟಿಂಗ್ ಅಂತ ಹಾಕಿದ್ರಂತ, ಒಳಗ ಏನೂ ಇಲ್ಲ. ಅಲ್ಲೂ ಯಾರೂ ನೋಡಲಿಲ್ಲಂತ." ಅಲ್ಲಿಯ ಮಂದಿಯೂ ಮೋಸಹೋಗಿದ್ದರು ಅಂತ ಕೇಳಿ ನನಗೆ ಸಮಾಧಾನವಾಯಿತು. ಪಾಪ, ಅವರ ಡೇರೆಯಲ್ಲಿ ಭೋಂಗಾದವನು ಇರಲಿಲ್ಲ.

ಸಂಜೆ ಟಿವಿಗೆ ಹಚ್ಚಿ ಎಲ್ಲರೂ ನೋಡಿದೆವು. ಪಿಚ್ಚರ್ ಮೊದಲಿಗಿಂತಲೂ ನಿಧಾನವಾಗಿತ್ತು. ಮಗಳು ಎದ್ದು ಹೋದಳು. ಪಾರವ್ವ ಮಾತ್ರ ಎವೆಯಿಕ್ಕದೆ ಕೂತಿದ್ದಳು, ಆಡು ಬಂದಾಗ ಈಗಲೂ ಲೊಚಗುಟ್ಟಿದಳು. ಕೊನೆಯ ದೃಶ್ಯ ಬಂತು. ಅದೇ ಖಾಲಿ ರಸ್ತೆ, ಅದೇ ಫಟಫಟಿ. ಅವನು ಏನೋ ಕೇಳಿದ, ಹುಡುಗಿ ನೋಡುತ್ತ ನಿಂತಳು.

"ನಿಲ್ಲಸಪಾ" ಅಂದಳು ಪಾರವ್ವ. "ಅಂವಾ ಈಗ ಏನಂದ?"

ಅಳಿಯ ಹಿಂದಕ್ಕೆ ಓಡಿಸಿ ಇನ್ನೊಮ್ಮೆ ಕೇಳಿದ. "ಪೆಟ್ರೋಲ್ ಐತೇನು ಅಂತ ಕೇಳ್ಯಾನ್ರಿ ಅತ್ತಿ."

"ಮತ್ತೇನೂ ಅಂದಿಲ್ಲ?"

"ಇಲ್ರಿ. ಪೆಟ್ರೋಲ್ ಅಷ್ಟ."

ಪಾರವ್ವ ನನ್ನ ಕಡೆ ತಿರುಗಿದಳು. ನಾನು ಟಿವಿಯ ಮೇಲಿದ್ದ ಧೂಳನ್ನು ನೋಡತೊಡಗಿದೆ. "ಹಂಗಾರ ಅದು ನೀವ ಅಂದದ್ದು" ಅಂದಳು. ಹೂಂ ಅಂತ ತಲೆ ಆಡಿಸಿದೆ. ಅವಳು ಎದ್ದು ಒಳಗೆ ಹೋದಳು.

ಅವಳು ಉಣ್ಣುವ ಹೊತ್ತು ಆಗಿ ಹೋಯಿತು. ಅಡುಗೆಮನೆಯಲ್ಲಿ ತಾಟಿನ ಸದ್ದು ಕೇಳಲಿಲ್ಲ. ಸಿಟ್ಟಾಗಿದ್ದಾಳೇನೋ ಅಂತ ಹೋಗಿ ನೋಡಿದರೆ ನೆಲದ ಮೇಲೆ ಎರಡು ತಾಟು ಹಾಕಿಕೊಂಡು, ರೊಟ್ಟಿಯ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದಳು.

"ಯಾಕ, ಉಂಡಿಲ್ಲೇನ?" ಅಂದೆ.

"ಅಜ್ಜಾರ ಮಾತ ಮೀರಬಾರದಂತ ಇಷ್ಟ ವರ್ಷ ಮೊದಲ ಉಂಡೆ. ಗಂಡನ ಮಾತ ಮೀರಿದ್ರ ಏನಾಗೂದಿಲ್ಲ. ಕುಂಡ್ರಿ."

ನನಗಿನ್ನೂ ಹಸಿವಾಗಿರಲಿಲ್ಲ. ಕೂತು ಉಂಡೆ.